ಟೆಂಟಿನ ಹೊರಗೆ ಕೇಳಿದ 'ಅಲೆಗ್ರಿಯಾ'

ಸರ್ಕಸ್ಸೊಂದರ ಸಂಗೀತವಿರುವ 'ಅಲೆಗ್ರಿಯಾ' ಆಲ್ಬಂ ಕೇಳಿ ಅಂತ ಯಾರಿಗಾದರೂ ಹೇಳುವಾಗ ಜೊತೆಗೇ ಒಂದು ಮಾತು ಸೇರಿಸುತ್ತೇನೆ: ಎಲ್ಲ ಹಾಡುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕೆಲವಕ್ಕೆ ಯಾರ ಹಂಗೂ ಬೇಡ, ಅವಷ್ಟಕ್ಕೇ ಕೇಳಬಹುದು. ಉಳಿದವು, ಮೇಲಿಂದ ಒಬ್ಬ ಹಾರಬೇಕು, ಕೆಳಗೆ ಇನ್ನೊಬ್ಬ ಹಿಡಿಯಬೇಕು ಅಂತ ಲೆಕ್ಕ ಹಾಕಿ ಬರೆದ ಸಂಗೀತ. ಹಾರುವವನೂ ಹಿಡಿಯುವವನೂ ಇಲ್ಲದ ಮೇಲೆ ಅದನ್ನು ಕೇಳುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು.

ಹೆಸರು ಕೇಳದವರಿಗಾಗಿ ಎರಡು ಮಾತು. ಸರ್ಕ್ ದು ಸೊಲೇ ಅನ್ನುವುದು 1984ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಶುರುವಾದ ಸರ್ಕಸ್ ಕಂಪನಿ. ಬೀದಿಯಲ್ಲಿ ಬೆಂಕಿ ಉಗುಳುತ್ತಾ, ಮರಗಾಲು ಕಟ್ಟಿಕೊಂಡು ನಡೆಯುತ್ತಾ ಇದ್ದವರು ಕಟ್ಟಿದ್ದು. ಆನೆ, ಹುಲಿ ಇಲ್ಲ. ನಾಟಕಕ್ಕಿರುವಂಥ ವೇಷ, ಬೆಳಕು, ಕಥೆಯ ಒಂದು ಎಳೆ, ಮತ್ತೆ ಮೊದಲಿನಿಂದ ಕೊನೆವರೆಗೆ ಎದುರೇ ಕೂತು ನುಡಿಸುವ ಬ್ಯಾಂಡ್. 'ಅಲೆಗ್ರಿಯಾ' ಅವರ 1994ರ ಪ್ರದರ್ಶನ. ನಿರ್ದೇಶನ ಫ್ರಾಂಕೊ ದ್ರಾಗೋನೆ, ಸಂಗೀತ ರೆನೆ ದ್ಯುಪೆರೆ. ಮಾಂಟ್ರಿಯಲ್‌ನಲ್ಲಿ ಹೊರಟದ್ದು 2013ರ ಕೊನೆವರೆಗೂ ದೇಶ ದೇಶ ಸುತ್ತಿತು. ಅದರ ಸಂಗೀತದ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ವರ್ಲ್ಡ್ ಮ್ಯೂಸಿಕ್ ಪಟ್ಟಿಯಲ್ಲಿ 65 ವಾರ ಕೂತಿತ್ತು. ಸರ್ಕಸ್ ನೋಡದವರೂ ಕೊಂಡು ಕೇಳಿದ್ದಾರೆ ಅಂತಾಯಿತು. ಆ ನೋಡದವರ ಸಾಲಿನಲ್ಲೇ ನಾನೂ ಇದ್ದೇನೆ.

ನನಗ್ಯಾಕೆ ಈ ಉಸಾಬರಿ ಅಂದರೆ, ನಾನು ಫೌಜಿ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ಪೆನ್ಷನ್ ತೆಗೆದುಕೊಂಡವನು. ನೊಟೇಶನ್ ಓದಲು ಕಲಿತದ್ದು ಮಧ್ಯಪ್ರದೇಶದ ಪಚ್‌ಮಢಿಯ ಸೇನಾ ಸಂಗೀತ ಶಾಲೆಯಲ್ಲಿ. 1950ರಲ್ಲಿ ಅದು ಶುರುವಾದದ್ದರ ಹಿಂದೆ ನಮ್ಮ ಕಾರ್ಯಪ್ಪನವರಿದ್ದರು ಅಂತ ಗೊತ್ತಾದ ದಿನ, ಇಡೀ ಬ್ಯಾರಕ್ಕಿನಲ್ಲಿ ಕೊಡಗಿನವನು ನಾನೊಬ್ಬನೇ ಅಂತ ಎದೆ ಉಬ್ಬಿಸಿಕೊಂಡು ಓಡಾಡಿದ್ದುಂಟು. ಈಗ ಪೊನ್ನಂಪೇಟೆ ಕಡೆ ಒಂದಿಷ್ಟು ರೊಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿದ ಕರಿಮೆಣಸು, ಮತ್ತು ಸಂಜೆ ಕಿವಿಗೆ ಇಯರ್‌ಫೋನು.

ಸರ್ಕಸ್ಸಿನ ಹುಚ್ಚು ಅದಕ್ಕಿಂತ ಹಳೆಯದು. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ತಲಶೇರಿ. ಭಾರತದ ಸರ್ಕಸ್ಸಿಗೆ ತವರು ಅಂತಿದ್ದರೆ ಅದೇ. ಕೀಲೇರಿ ಕುಂಞಿಕಣ್ಣನ್ ಗುರುಗಳು 1901ರಲ್ಲಿ ಅಲ್ಲಿನ ಚಿರಕ್ಕರದಲ್ಲಿ ಸರ್ಕಸ್ ಶಾಲೆ ತೆರೆದರು, ಅಲ್ಲಿಂದ ಮುಂದೆ ದೇಶದ ಯಾವ ಟೆಂಟಿನಲ್ಲಿ ನೋಡಿದರೂ ಮಲಯಾಳಿಗಳೇ. ನಮ್ಮ ಪೇಟೆಯಲ್ಲಿ ಸೋಡಾ ಅಂಗಡಿ ಇಟ್ಟಿದ್ದ ಚೇಟನೊಬ್ಬ ಹಿಂದೆ ಟ್ರಪೀಜ್‌ನಲ್ಲಿ ಹಿಡಿಯುವವನಾಗಿದ್ದ. ತಲೆಕೆಳಗಾಗಿ ತೂಗುತ್ತಾ, ಹಾರಿ ಬಂದವರ ಮಣಿಕಟ್ಟು ಹಿಡಿಯುವ ಕೆಲಸ. 'ನಾವು ಬ್ಯಾಂಡ್ ಕೇಳುವುದಲ್ಲ ಮೋನೇ, ಎಣಿಸುವುದು' ಅನ್ನುತ್ತಿದ್ದ. ಬಿಗ್ ಡ್ರಮ್ಮಿನ ಏಟಿಗೆ ತೂಗು ಎಲ್ಲಿರಬೇಕೋ ಅಲ್ಲಿರದಿದ್ದರೆ ಅಂಗೈ ಬೆವರುತ್ತಿತ್ತಂತೆ. ಸೋಡಾ ಬಾಟಲಿಯ ಗೋಲಿ ಒತ್ತುವಾಗಲೂ ಅವನ ಹೆಬ್ಬೆರಳು ಒಂದು ತಾಳಕ್ಕೆ ಬೀಳುತ್ತಿತ್ತು.

ಸರ್ಕಸ್ ಅಂದ ಕೂಡಲೇ ಎಲ್ಲರ ತಲೆಯಲ್ಲೂ ಓಡುವ ಆ ಟ್ಯೂನ್ ಇದೆಯಲ್ಲ, ಜೋಕರ್ ಬರುವಾಗಿನದ್ದು, ಅದು ಸರ್ಕಸ್ಸಿಗಾಗಿ ಹುಟ್ಟಿದ್ದೇ ಅಲ್ಲ. ಆಸ್ಟ್ರೋ-ಹಂಗೇರಿಯನ್ ಸೇನೆಯ ಬ್ಯಾಂಡ್ ಮಾಸ್ಟರ್ ಜೂಲಿಯಸ್ ಫುಚಿಕ್ 1897ರಲ್ಲಿ ಬರೆದ ಮಾರ್ಚ್, ಅಂದರೆ ಸಿಪಾಯಿಗಳ ನಡಿಗೆಯ ಸಂಗೀತ ಅದು. ಲೂಯಿ-ಫಿಲಿಪ್ ಲೋರಾಂದೋ ಎಂಬ ಕೆನಡಾದವರು 1901ರಲ್ಲಿ ಅದನ್ನು ಬ್ಯಾಂಡಿಗೆ ಒಗ್ಗಿಸಿ ಕೊಟ್ಟರು, ಸರ್ಕಸ್ಸಿನವರು ಎತ್ತಿಕೊಂಡು ಕಾಲು ನೆಲಕ್ಕೆ ತಾಗದ ವೇಗದಲ್ಲಿ ಓಡಿಸಿದರು. 'ಗ್ಲಾಡಿಯೇಟರುಗಳ ಪ್ರವೇಶ' ಅಂತ ಹೆಸರಿಟ್ಟದ್ದು ಕೆಂಪು ಮೂಗಿನವನ ಪಾಲಾಯಿತು. ನಾವೂ ಒಮ್ಮೆ ಆಫೀಸರ್ಸ್ ಮೆಸ್ಸಿನ ಮಕ್ಕಳ ಪಾರ್ಟಿಗೆ ಅದನ್ನು ಊದಿದ್ದೆವು. ಅದರಲ್ಲಿ ಕ್ಲಾರಿನೆಟ್ಟಿನವನಿಗೆ ಉಸಿರು ಎಳೆದುಕೊಳ್ಳಲು ಜಾಗವೇ ಸಿಗುವುದಿಲ್ಲ.

ಹಳೆಯ ಸರ್ಕಸ್ಸಿನಲ್ಲಿ ಬ್ಯಾಂಡ್ ಅಂದರೆ ಕೆಲಸಗಾರರಲ್ಲಿ ಒಬ್ಬ. ಅಮೆರಿಕದ ಟೆಂಟುಗಳಲ್ಲಿ 'ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್' ಮಾರ್ಚನ್ನು ಸುಮ್ಮನೆ ಖುಷಿಗೆ ನುಡಿಸುವ ಹಾಗಿರಲಿಲ್ಲ. ಅನಾಹುತವಾಗಿದೆ, ಜನರನ್ನು ಹೊರಗೆ ಸಾಗಿಸಿ ಅಂತ ಒಳಗಿನವರಿಗೆ ಕೊಡುವ ಸಂಕೇತ ಅದು. 1944ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಟೆಂಟಿಗೆ ಬೆಂಕಿ ಹತ್ತಿದಾಗ ಬ್ಯಾಂಡಿನವರು ಅದನ್ನೇ ಬಾರಿಸಿದರು. ದ್ಯುಪೆರೆಯವರ ಸಂಗೀತದಲ್ಲಿ ಮಾರ್ಚುಗಳ ಆ ಗದ್ದಲವಿಲ್ಲ. ಅಕಾರ್ಡಿಯನ್ ಇದೆ, ಸ್ಯಾಕ್ಸೊಫೋನ್ ಇದೆ, ಕೀಬೋರ್ಡುಗಳ ರಾಶಿಯೇ ಇದೆ, ಮೇಲೆ ಹಾಡುವ ದನಿ. ಆದರೆ ಕೆಲಸ ಮಾತ್ರ ಅದೇ ಹಳೆಯ ಕೆಲಸ: ಆಟಗಾರನ ಜೊತೆ ನಿಲ್ಲುವುದು, ಅವನಿಗಾಗಿ ಕಾಯುವುದು.

ಕಾಯುವ ಸಂಗೀತ ಅಂದರೆ ಏನು ಅಂತ ಪರೇಡಿನಲ್ಲಿ ಊದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾರ್ಚ್ ಎಲ್ಲಿ ಮುಗಿಯಬೇಕು ಅನ್ನುವುದು ನೊಟೇಶನ್ ಹಾಳೆಯಲ್ಲಿ ಇರುವುದಿಲ್ಲ. ಕೊನೆಯ ಪ್ಲಟೂನ್ ದಾಟುವವರೆಗೆ ಅದೇ ಸಾಲುಗಳನ್ನು ಸುತ್ತಿಸುತ್ತಲೇ ಇರಬೇಕು. ಬ್ಯಾಂಡಿನ ಮುಂದೆ ನಡೆಯುವ ಡ್ರಮ್ ಮೇಜರನ ಕೋಲು ಮೇಲೇಳುತ್ತದೆ, ಬಿಗ್ ಡ್ರಮ್ಮಿನವನು ಎರಡು ಏಟು ಜೋಡಿಸಿ ಕೊಡುತ್ತಾನೆ, ಆ ಸಾಲು ಮುಗಿಸಿ ಎಲ್ಲರೂ ಒಟ್ಟಿಗೆ ಕಟ್. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ನಮ್ಮ ಕೊಡವ ಮದುವೆಯ ಗಂಗಾಪೂಜೆಯ ವಾಲಗ. ಮದುಮಗಳು ತಲೆ ಮೇಲೆ ನೀರಿನ ಕೊಡ ಹೊತ್ತು ಬಾವಿಯಿಂದ ಹೊರಡುತ್ತಾಳೆ, ಗಂಡಿನ ಕಡೆಯವರು ದಾರಿ ಬಿಡದೆ ಎದುರು ಕುಣಿಯುತ್ತಾರೆ. ಗಂಟೆಗಟ್ಟಲೆ. ವಾಲಗದವರ ಕಣ್ಣು ಕುಣಿಯುವವರ ಕಾಲ ಮೇಲೆಯೇ. ಮಾವಂದಿರು ಸುಸ್ತಾದರು ಅಂತ ಕಂಡರೆ ಏಟು ಸ್ವಲ್ಪ ಸಡಿಲ, ಹೊಸ ಹುಡುಗ ಕುಪ್ಪ್ಯ (ನಮ್ಮ ಉದ್ದ ಅಂಗಿ) ಎತ್ತಿ ಕಟ್ಟಿ ನುಗ್ಗಿದರೆ ಬಿರುಸು. ಮಟ್ಟು ಮಾತ್ರ ಒಂದೇ. ಆ ವಾಲಗವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮನೆಯಲ್ಲಿ ಕೂತು ಕೇಳಿ ನೋಡಿ, ಹತ್ತು ನಿಮಿಷಕ್ಕೆ ಸಾಕಪ್ಪಾ ಅನಿಸುತ್ತದೆ. ತಪ್ಪು ವಾಲಗದ್ದಲ್ಲ, ಎದುರು ಕುಣಿಯುವವರಿಲ್ಲ ಅಷ್ಟೇ.

ಸರ್ಕ್ ದು ಸೊಲೇಯ ಪ್ರದರ್ಶನದಲ್ಲಿ ನಡೆಯುವುದೂ ಇದೇ, ಸಾಮಾನು ಮಾತ್ರ ಹೊಸದು. ಬ್ಯಾಂಡ್ ಲೀಡರನ ಕಿವಿಗೆ ಹೆಡ್‌ಸೆಟ್, ಬಾಯಿಗೆ ಮೈಕು, ಕಣ್ಣು ಆಟಗಾರನ ಮೇಲೆ. ಪಲ್ಟಿ ತಪ್ಪಿ ಅವನು ಮತ್ತೆ ಹತ್ತಿದರೆ ನಾಲ್ಕೋ ಎಂಟೋ ಬಾರ್ (ತಾಳದ ಆವರ್ತ) ಮತ್ತೆ ಸುತ್ತು. ಕಾಲು ನೆಲ ಮುಟ್ಟಿದ ಕ್ಷಣಕ್ಕೆ ಸರಿಯಾಗಿ, ಮೈಕಿನಲ್ಲಿ ಬಂದ ಒಂದು ಮಾತಿಗೆ, ಇಡೀ ಬ್ಯಾಂಡ್ ಮುಂದಿನ ಭಾಗಕ್ಕೆ ದಾಟಬೇಕು. ನೋಡುವವರಿಗೆ ಇದು ತಿಳಿಯುವುದೇ ಇಲ್ಲ, ಆಟಕ್ಕೂ ಹಾಡಿಗೂ ಮೊದಲೇ ಗಂಟು ಹಾಕಿಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ಆಲ್ಬಂ ಮಾಡುವಾಗ ಈ ಸುತ್ತುಗಳನ್ನೆಲ್ಲ ಕತ್ತರಿಸಿ, ಮೂರೋ ನಾಲ್ಕೋ ಐದೋ ನಿಮಿಷಕ್ಕೆ ಹೊಲಿದು ಕೊಡುತ್ತಾರೆ. ಹೊಲಿಗೆ ಎಲ್ಲಿ ಚೆನ್ನಾಗಿ ಬಂದಿದೆ, ಎಲ್ಲಿ ಬಿಟ್ಟುಕೊಂಡಿದೆ ಅಂತ ಹುಡುಕುತ್ತಾ ಕೇಳುವುದು ನನ್ನ ಕಸುಬಿನ ಚಟ.

ಶೀರ್ಷಿಕೆಯ ಹಾಡಿನಿಂದಲೇ ಹಿಡಿಯೋಣ. ಹಾಡಿದವರು ಫ್ರಾನ್ಸೆಸ್ಕಾ ಗಾನ್ಯೋ. ಪ್ರದರ್ಶನದಲ್ಲಿ ಬಿಳಿ ಉಡುಪಿನ ಗಾಯಕಿ ಒಬ್ಬಳು, ಅವಳಿಗೆ ಜೋಡಿಯಾಗಿ ಕಪ್ಪು ಉಡುಪಿನವಳು. ಗಾನ್ಯೋ ಬಿಳಿ ಉಡುಪಿನವರು. ದನಿ ಇಂಪಾಗಿದೆ ಅಂತ ನಾನು ಹೇಳುವುದಿಲ್ಲ. ಗಂಟಲಿನಲ್ಲಿ ಸಣ್ಣ ಒಡಕಿದೆ, ರಾತ್ರಿಯಿಡೀ ಯಾರನ್ನೋ ಕೂಗಿ ಕರೆದು ಬೆಳಿಗ್ಗೆ ಹಾಡಲು ನಿಂತವರ ಗಂಟಲು. ಅದೇ ಈ ಹಾಡನ್ನು ಉಳಿಸಿದೆ. ಮೊದಲು ಇಟಾಲಿಯನ್, ಆಮೇಲೆ ಇಂಗ್ಲಿಷ್, ಆಮೇಲೆ ಸ್ಪ್ಯಾನಿಷ್. ರಾಗ ಒಂದೇ, ಭಾಷೆ ಬದಲಾದಾಗಲೆಲ್ಲ ಹಿಂದಿನ ವಾದ್ಯಗಳು ಒಂದು ಪದರ ದಪ್ಪವಾಗುತ್ತವೆ. ಇಯರ್‌ಫೋನಿನಲ್ಲಿ ಕೇಳಿದರೆ ಉದ್ದ ಸಾಲಿನ ಕೊನೆಯಲ್ಲಿ ಅವರು ಉಸಿರು ಸೆಳೆದುಕೊಳ್ಳುವ ಸದ್ದೂ ಸಿಗುತ್ತದೆ. ರೆಕಾರ್ಡಿಂಗಿನವರು ಅದನ್ನು ಒರೆಸಿ ಹಾಕಬಹುದಿತ್ತು, ಹಾಕಿಲ್ಲ. ಒಳ್ಳೆಯದೇ ಆಯಿತು. ಊದುವ ಕಸುಬಿನವನಿಗೆ ಹಾಡುವವರ ಉಸಿರು ಎಲ್ಲಿದೆ ಅಂತ ಗೊತ್ತಾದರೆ ಅರ್ಧ ಹಾಡು ಅರ್ಥವಾದ ಹಾಗೆ.

'ಕ್ವೆರೆರ್' ನನಗೆ ಅದಕ್ಕಿಂತಲೂ ಇಷ್ಟ. ಸ್ಪ್ಯಾನಿಷ್ ಹಾಡು, ನಿಧಾನ, ಅಕಾರ್ಡಿಯನ್ನಿನದ್ದೇ ಆಳ್ವಿಕೆ. ಇಲ್ಲಿ ಸಂಗೀತ ಯಾರಿಗೂ ಕಾಯುತ್ತಿಲ್ಲ, ತನ್ನ ಹೆಜ್ಜೆಗೆ ತಾನೇ ನಡೆಯುತ್ತದೆ. 'ವಾಯ್ ವೆದ್ರಾಯ್' ಕೂಡ ಅಂಥದ್ದೇ. 'ವಾಲ್ಸಪೇನಾ' ಮೂರು ಎಣಿಕೆಯ ವಾಲ್ಟ್ಜ್. ಮಾರ್ಚಿನ ಎರಡು ಎಣಿಕೆಯಲ್ಲೇ ಸವೆದ ನನ್ನಂಥವನ ಕಾಲಿಗೆ ಮೂರು ಎಣಿಕೆ ಅಂದರೆ ರಜೆ ಸಿಕ್ಕ ಲೆಕ್ಕ. ಈ ನಾಲ್ಕಕ್ಕಾಗಿಯೇ ಆಲ್ಬಂ ತೆಗೆದುಕೊಳ್ಳಬಹುದು.

'ಕಲಂಡೆರೊ'ದ ಮಾತೇ ಬೇರೆ. ತಾಳವಾದ್ಯಗಳ ನೂಕುನುಗ್ಗಲು, ಅದರ ಮೇಲೆ ಯಾವ ದೇಶಕ್ಕೂ ಸೇರದ ಮಾತು. ಈ ಕಂಪನಿಯ ಹಲವು ಹಾಡುಗಳಲ್ಲಿ ಹೀಗೆ ಕಟ್ಟಿಕೊಂಡ ಭಾಷೆ ಬರುತ್ತದೆ. ಊರೂರು ಅಲೆಯುವ ಸರ್ಕಸ್ಸಿಗೆ ಒಂದೇ ದೇಶದ ಮಾತು ಯಾಕೆ ಅಂತ ಇರಬೇಕು. ಮನೆಯವಳು ಅಡುಗೆಮನೆಯಿಂದ ಕೇಳಿ, 'ಇದೇನ್ರೀ, ಜಗಳ ಆಡ್ತಿದ್ದಾರಾ?' ಅಂದಳು. ನಾನು ಇಲ್ಲ ಅಂದೆ. 'ಮತ್ತೆ ಯಾರೋ ಏನೋ ಹೊತ್ತುಕೊಂಡು ಓಡ್ತಿದ್ದಾರೆ' ಅಂದಳು. ಅದು ಸರಿಯಾದ ವಿಮರ್ಶೆ. ಮೈ ಓಡುತ್ತಿರುವುದು ಕೇಳುತ್ತದೆ, ಮೈ ಮಾತ್ರ ಕಾಣುವುದಿಲ್ಲ. ಮೊದಲ ಒಂದೆರಡು ನಿಮಿಷ ಕುರ್ಚಿಯ ತುದಿಗೆ ಬಂದು ಕೂತಿರುತ್ತೇವೆ, ಆಮೇಲೂ ಅದೇ ಓಟ. ಟೆಂಟಿನಲ್ಲಿದ್ದರೆ ಅಷ್ಟರಲ್ಲಿ ಒಬ್ಬ ಎರಡು ಸುತ್ತು ತಿರುಗಿ ಇಳಿದು ಕೈ ಚಾಚುತ್ತಿದ್ದ, ಜನ ಚಪ್ಪಾಳೆ ತಟ್ಟುತ್ತಿದ್ದರು. 'ಸೆರ್ಸೋ' ಹೂಲಾ ಹೂಪಿನಂಥ ದೊಡ್ಡ ಬಳೆಗಳ ಆಟದ್ದು, ಬಳೆ ಕಾಣದೆ ನನಗೆ ಅದು ತಾಗಲಿಲ್ಲ. ಅಲ್ಲಲ್ಲಿ ತಂತಿ ಬಿಗಿದು, ಈಗ ಏನೋ ಆಗುತ್ತದೆ ಅನ್ನಿಸಿ, ಏನೂ ಆಗದೆ ಮುಂದೆ ಹೋಗುತ್ತದೆ. ಆಗಬೇಕಾದ್ದು ಬಳೆ ಹಿಡಿದವರ ಕೈಯಲ್ಲಿ ಆಗಿದೆ.

ದೊಡ್ಡ ತಕರಾರು ಒಂದಿದೆ, ಅದು ಕೀಬೋರ್ಡಿನ ಮೇಲೆ. 1994ರ ಸಿಂಥಸೈಜರ್ ದನಿಗೆ ಈಗ ವಯಸ್ಸಾಗಿದೆ. ತಂತಿವಾದ್ಯ ಬೇಕಾದಲ್ಲಿ ತಂತಿವಾದ್ಯದ ನಕಲು, ಊದುವ ವಾದ್ಯ ಬೇಕಾದಲ್ಲಿ ಅದರ ನಕಲು. ಅಕಾರ್ಡಿಯನ್ನಿನಂಥ ನಿಜವಾದ ವಾದ್ಯ ಪಕ್ಕದಲ್ಲೇ ಕೂತಿರುವಾಗ ಈ ನಕಲು ಇನ್ನೂ ಎದ್ದು ಕಾಣುತ್ತದೆ. ಊರೂರಿಗೆ ಹೊತ್ತುಕೊಂಡು ತಿರುಗುವ ಬ್ಯಾಂಡಿಗೆ ಅಷ್ಟೊಂದು ಜನರನ್ನು ಕರೆದೊಯ್ಯಲಾಗುವುದಿಲ್ಲ, ಒಪ್ಪೋಣ. ಹಾಗಂತ ಒಬ್ಬ ಕ್ಲಾರಿನೆಟ್ಟಿನವನಿಗೆ ಟೆಂಟಿನಲ್ಲಿ ಒಂದು ಸ್ಟೂಲ್ ಇಡಲು ಜಾಗವಿರಲಿಲ್ಲವೇ? ಇದು ವಿಮರ್ಶೆಯಲ್ಲ, ಜಾತಿಪ್ರೇಮ, ಬಿಟ್ಟುಬಿಡಿ.

2019ರಲ್ಲಿ ಇದೇ ಪ್ರದರ್ಶನವನ್ನು ಹೊಸದಾಗಿ ಕಟ್ಟಿದರು, ಹೆಸರಿಗೆ 'ಇನ್ ಎ ನ್ಯೂ ಲೈಟ್' ಅಂತ ಬಾಲ ಸೇರಿಸಿ. ದ್ಯುಪೆರೆಯವರ ಅದೇ ರಾಗಗಳನ್ನು ಜಾನ್-ಫಿ ಗೊನ್ಸಾಲ್ವೆಸ್ ಮತ್ತೆ ಜೋಡಿಸಿದ್ದಾರೆ. ಅವರು ಮೂಲತಃ ಡ್ರಮ್ ಬಾರಿಸುವವರು, ಅದು ಕೇಳಿದರೇ ಗೊತ್ತಾಗುತ್ತದೆ. ಕೆಳಗಿನ ದನಿಗಳು ಗಟ್ಟಿಯಾಗಿವೆ, ತಾಳ ಮುಂದೆ ಬಂದಿದೆ, 'ಕಲಂಡೆರೊ'ದಂಥ ಓಡುವ ಹಾಡುಗಳಿಗೆ ಇದರಿಂದ ಲಾಭವೇ ಆಗಿದೆ. ಎದುರು ಯಾರೂ ಇಲ್ಲದಿದ್ದರೂ ನೆಲದ ಮೇಲೆ ಯಾರೋ ಕುಣಿಯುತ್ತಿದ್ದಾರೆ ಅನ್ನಿಸುವಷ್ಟು. ಆದರೆ ನಿಧಾನದ ಹಾಡುಗಳಿಗೆ ನಾನು ಹಳೆಯದಕ್ಕೇ ವಾಪಸಾಗುತ್ತೇನೆ. ಹೊಸದರಲ್ಲಿ ಎಲ್ಲವೂ ಚೊಕ್ಕ. ಗಾನ್ಯೋ ಅವರ ಗಂಟಲಿನ ಆ ಒಡಕನ್ನು ಹೊಸದಾಗಿ ಜೋಡಿಸಿ ಕೊಡಲು ಯಾರಿಂದಲೂ ಆಗುವುದಿಲ್ಲ.

ನಮ್ಮ ಕಡೆಯ ಕಿವಿಗೆ ಹತ್ತಿರದ್ದು ಬೇಕು ಅನ್ನುವವರು ಅದೇ ಕಂಪನಿಯ 'ಕೂಝಾ' ಹಾಕಿ ನೋಡಬಹುದು. 2007ರ ಪ್ರದರ್ಶನ, ಸಂಗೀತ ಜಾನ್-ಫ್ರಾನ್ಸ್ವಾ ಕೋತೆ ಅವರದು. ಎಪ್ಪತ್ತರ ದಶಕದ ಫಂಕ್ ಬ್ಯಾಂಡಿಗೂ ಭಾರತದ ಸಂಗೀತಕ್ಕೂ ಅದರಲ್ಲಿ ಸಂಬಂಧ ಬೆಳೆಸಿದ್ದಾರೆ. ಹಾಡುಗಳ ಹೆಸರೇ 'ಪ್ರಾರ್ಥನಾ', 'ಜುನೂನ್ ತೇರಾ', 'ಆಂಖೋಂ ಮೇ'. ಹಿತ್ತಾಳೆ ವಾದ್ಯಗಳ ಗತ್ತು ಕೇಳಿ ಮೊದಲ ಸಲ ಎದ್ದು ನಿಂತೆ. ಭಾರತದ ಭಾಗ ಮಾತ್ರ ಪ್ರವಾಸಿಯ ಕಣ್ಣಿಗೆ ಬಿದ್ದಷ್ಟೇ ಭಾರತ. ಬೇಸರವಿಲ್ಲ, ನಮ್ಮ ಫೌಜಿ ಬ್ಯಾಂಡುಗಳು ಸ್ಕಾಟ್ಲೆಂಡಿನ ಟ್ಯೂನುಗಳನ್ನು ಊದುವುದೂ ಹೀಗೇ ತಾನೆ.

ಈ ಕಂಪನಿ 2018ರ ನವೆಂಬರಿನಲ್ಲಿ ಭಾರತಕ್ಕೇ ಬಂದಿತ್ತು. 'ಬಜಾರ್' ಅನ್ನುವ ಪ್ರದರ್ಶನವನ್ನು ಮುಂಬೈಯಲ್ಲೇ ಮೊದಲು ಆಡಿ ಆಮೇಲೆ ದೆಹಲಿಗೆ ಹೋದರು. ಬೆಂಗಳೂರಿನಲ್ಲಿರುವ ಮಗಳು ಟಿಕೆಟ್ ತೆಗೆಯಲಾ ಅಂತ ಕೇಳಿದಳು. ಕಾಫಿ ಕೊಯ್ಲು ಎದುರಿಗಿತ್ತು, ಆ ವರ್ಷದ ಮಳೆಗೆ ನಮ್ಮ ಜಿಲ್ಲೆಯ ಗುಡ್ಡಗಳೇ ಜಾರಿ ಹೋಗಿದ್ದವು, ಸರ್ಕಸ್ ನೋಡಲು ಹೊರಡುವ ಮನಸ್ಸು ಯಾರಿಗೂ ಇರಲಿಲ್ಲ. ಅವಳು ಟಿಕೆಟ್ಟಿನ ಬದಲು ಫೋನಿಗೆ ಹಾಡಿನ ಆ್ಯಪ್ ಹಾಕಿಕೊಟ್ಟಳು. ಈ ಆಲ್ಬಂ ಕೈಗೆ ಬಂದದ್ದು ಹಾಗೆ.

ಕೇಳುವ ಸಾಧನದ ಬಗ್ಗೆಯೂ ಹೇಳಬೇಕು, ಕೊಡಗಿನಲ್ಲಿ ಅದು ಸಣ್ಣ ವಿಷಯವಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಶೀಟಿನ ಮೇಲೆ ಬೀಳುವ ಮಳೆಗೆ 'ಕ್ವೆರೆರ್'ನಂಥ ಹಾಡು ಸ್ಪೀಕರಿನಲ್ಲಿ ಬದುಕುವುದಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ 'ಬೇಸ್ ಜಾಸ್ತಿ ಇದೆ ಸಾರ್, ಮನೆಯೇ ಅದುರುತ್ತದೆ' ಅಂತ ಹೊಗಳಿ ಕೊಟ್ಟ ಬ್ಲೂಟೂತ್ ಸ್ಪೀಕರ್ ಮನೆಯನ್ನು ಅದುರಿಸಿತು, ಅಕಾರ್ಡಿಯನ್ನನ್ನು ನುಂಗಿ ಹಾಕಿತು. ವಾಪಸ್ ಕೊಡಲು ಹೋದರೆ ಡಬ್ಬ ಒಡೆದಿದ್ದೀರಿ ಅಂದರು. ಡಬ್ಬ ಒಡೆಯದೆ ಕೇಳುವುದು ಹೇಗೆ ಅಂತ ಅವರೂ ಹೇಳಲಿಲ್ಲ. ಈಗ ಅದು ಕಣದಲ್ಲಿ ಕೆಲಸದವರಿಗೆ ಸಿನಿಮಾ ಹಾಡು ಕೇಳಿಸುತ್ತಿದೆ, ಅಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಈ ಸಂಗೀತಕ್ಕೆ ವೈರ್ ಇರುವ ಸಾಧಾರಣ ಇಯರ್‌ಫೋನೇ ಸಾಕು. ಇನ್ನೊಂದು: ಆ್ಯಪ್‌ಗಳ ಉಚಿತದ ಸೌಲಭ್ಯದಲ್ಲಿ ಕೇಳಲು ಹೋಗಬೇಡಿ. ಕೆಲವದರಲ್ಲಿ ಹಾಡಿನ ಕ್ರಮ ತಾನೇ ಕಲಸಿಹೋಗುತ್ತದೆ, ಗಾನ್ಯೋ ಕೊನೆಯ ಸ್ವರ ಬಿಟ್ಟ ಕೂಡಲೇ ಬಟ್ಟೆ ಸೋಪಿನವಳು ಕಿರುಚುತ್ತಾಳೆ.

ಕೊನೆಗೆ ಯಾರು ಯಾವುದರಿಂದ ಶುರು ಮಾಡಬೇಕು ಅಂದರೆ, ಹಾಡು ಬೇಕಾದವರು ಹಳೆಯ ಆಲ್ಬಂನ 'ಕ್ವೆರೆರ್'ನಿಂದ ಹಿಡಿಯಲಿ, ಶೀರ್ಷಿಕೆಯ ಹಾಡು ಆಮೇಲೆ. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸುವ ಮೇಷ್ಟ್ರುಗಳು ನೇರ 2019ರದ್ದನ್ನೇ ತೆಗೆದುಕೊಳ್ಳಲಿ. ನನಗೆ ಬರೀ ಓಟವಾಗಿ ಕೇಳಿಸಿದ್ದು ಅವರ ಮಕ್ಕಳ ಮೈ ಸೇರಿದರೆ ಪೂರ್ತಿಯಾಗುತ್ತದೆ. 'ಕಲಂಡೆರೊ'ವನ್ನು ಮಾತ್ರ ಗಾಡಿಯಲ್ಲಿ ಹಾಕಬೇಡಿ, ಹಾಕಿದರೂ ಗೋಣಿಕೊಪ್ಪದ ನೇರ ರಸ್ತೆಯಲ್ಲಿ ಹಾಕಿ. ಮಾಕುಟ್ಟದ ತಿರುವುಗಳಲ್ಲಿ ಆ ತಾಳಕ್ಕೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ, ಎದುರಿನಿಂದ ಕೇರಳದ ಬಸ್ಸು ಬರುವುದೂ ಅದೇ ವೇಗದಲ್ಲಿ.